ಹೆಸರು ಮುಚ್ಚಿ ತೀರ್ಪು ಕೊಟ್ಟ ನನ್ನ ಅನುಭವ

ದೂರು ಬಂದ ಚಿತ್ರವನ್ನು ಕಲಾವಿದರ ಹೆಸರು ಮುಚ್ಚಿ ಪರಿಶೀಲಿಸೋಣ ಎಂದಾಗ ನಮ್ಮ ಆನ್‌ಲೈನ್ ಚಿತ್ರಕಾರರ ಬಳಗದಲ್ಲಿ ದೂರುಗಳನ್ನು ನೋಡುವ ಮಾಡರೇಟರ್ ತಂಡದ ಹಳಬರು ನಕ್ಕಿದ್ದರು. ಗೆರೆ ನೋಡಿದರೇ ಯಾರದೆಂದು ತಿಳಿಯುತ್ತದೆ, ಹೆಸರು ಮುಚ್ಚಿ ಏನು ಪ್ರಯೋಜನ ಎಂಬುದು ಅವರ ವಾದ. ಹತ್ತಿರ ಹತ್ತಿರ ಎರಡು ವರ್ಷ ನಡೆಸಿದ್ದೇವೆ. ಈಗ ಅವರೇ ಬೇರೆ ಬಳಗಗಳಿಗೆ ಹೇಳಿಕೊಡುತ್ತಿದ್ದಾರೆ.

ಅದಕ್ಕೂ ಮುಂಚೆ ಎಲ್ಲರಂತೆ ನಿಯಮಾವಳಿಯನ್ನು ಉದ್ದ ಮಾಡಿದ್ದಾಯಿತು. ಸಾಲು ಹೆಚ್ಚಿದಷ್ಟೂ ಸಂದು ಹುಡುಕುವವರಿಗೆ ಸುಗ್ಗಿ. ಇಷ್ಟು ದೂರು ಬಂದರೆ ಚಿತ್ರ ತಾನಾಗಿಯೇ ಮರೆಯಾಗಲಿ ಎಂಬ ಏರ್ಪಾಡನ್ನೂ ಮಾಡಿದೆವು. ಎರಡು ಗುಂಪುಗಳು ಜಗಳಕ್ಕೆ ಬಿದ್ದಾಗ ಒಬ್ಬರ ಚಿತ್ರಗಳನ್ನು ಇನ್ನೊಬ್ಬರು ಸಾಲಾಗಿ ಉರುಳಿಸಿದರು; ದೂರಿನ ಲೆಕ್ಕದಿಂದ ಯಾರಿಗೆ ಎಷ್ಟು ಶತ್ರುಗಳಿದ್ದಾರೆ ಎನ್ನುವುದಷ್ಟೇ ಗೊತ್ತಾಯಿತು.

ಜೇಬು ಸುಟ್ಟದ್ದು ನಗ್ನತೆ ಪತ್ತೆಹಚ್ಚುವ ಯಂತ್ರ. ಚಿತ್ರಕ್ಕೆ ಇಷ್ಟು ಎಂದು ಶುಲ್ಕ. ಸದಸ್ಯರ ಚಂದಾದಲ್ಲಿ ಸುಮಾರು ಮೂರನೇ ಒಂದು ಪಾಲು ಅದಕ್ಕೇ ಹೋಗುತ್ತಿತ್ತು, ಸರ್ವರ್ ಬಾಡಿಗೆಗಿಂತ ಹೆಚ್ಚು. ಇದ್ದಿಲಿನಲ್ಲಿ ಬರೆದ ಮಾಡೆಲ್ ಅಧ್ಯಯನಗಳನ್ನೂ ಮಣ್ಣಿನ ಶಿಲ್ಪಗಳನ್ನೂ ಅದು ಹಿಡಿದು ಹಾಕಿತು. ಫೋಟೋಗಳಿಂದಲೇ ಕಲಿತದ್ದಾದ್ದರಿಂದ ನಿಜಕ್ಕೂ ಅಶ್ಲೀಲವಾದ ಕಾರ್ಟೂನುಗಳನ್ನು ಸಲೀಸಾಗಿ ಬಿಟ್ಟುಬಿಟ್ಟಿತು. ದೊಡ್ಡವರದ್ದೂ ಇದೇ ಪಾಡು. 2018ರ ಡಿಸೆಂಬರ್‌ನಲ್ಲಿ ಟಂಬ್ಲರ್ ಎಂಬ ಬ್ಲಾಗ್ ತಾಣ ವಯಸ್ಕರ ಚಿತ್ರಗಳನ್ನು ನಿಷೇಧಿಸಿದಾಗ ನಿರಪರಾಧಿ ಚಿತ್ರಗಳೂ ಬಲೆಗೆ ಬಿದ್ದವು. 25 ಸಾವಿರ ವರ್ಷಕ್ಕೂ ಹಳೆಯ ವಿಲೆನ್‌ಡಾರ್ಫ್‌ನ ವೀನಸ್ ಎಂಬ ನಗ್ನ ಸ್ತ್ರೀ ಶಿಲ್ಪದ ಚಿತ್ರವನ್ನು ತೆಗೆದುಹಾಕಿದ್ದಕ್ಕೆ ಫೇಸ್‌ಬುಕ್ ಕ್ಷಮೆ ಕೇಳಬೇಕಾಯಿತು. ನಮ್ಮಲ್ಲಿ ಈಗ ಯಂತ್ರದ ಕೆಲಸ ನಾವು ನೋಡಬೇಕಾದ ಚಿತ್ರಗಳ ಸರದಿ ಜೋಡಿಸುವುದು ಮಾತ್ರ, ಅದೂ ಹೊಸ ಖಾತೆಗಳಿಗೆ ಮಾತ್ರ. ಖರ್ಚು ಹತ್ತನೇ ಒಂದು ಪಾಲಿಗೆ ಇಳಿದಿದೆ.

ಈಗಿನ ಕ್ರಮ ಸರಳ. ಹೆಸರು, ಫಾಲೋವರ್ ಸಂಖ್ಯೆ, ದೂರಿನ ಸಂಖ್ಯೆ, ಮೂಲೆಯಲ್ಲಿನ ಸಹಿ ಇವೆಲ್ಲ ಮರೆ. ಇಬ್ಬರು ಬೇರೆ ಬೇರೆಯಾಗಿ ನೋಡಿ, ಯಾವ ನಿಯಮ, ಏಕೆ ಎಂದು ಒಂದೇ ವಾಕ್ಯ ಬರೆಯಬೇಕು. ಒಮ್ಮತವಿಲ್ಲದಿದ್ದರೆ ಮೂರನೆಯವರು. ಮೇಲ್ಮನವಿ ಈ ಮೂವರಲ್ಲಿ ಯಾರ ಬಳಿಗೂ ಹೋಗುವುದಿಲ್ಲ.

ಶೈಲಿಯಿಂದಲೇ ಗುರುತು ಸಿಗುತ್ತದಲ್ಲ ಎಂಬ ಹಳಬರ ಮಾತಿಗೆ ಮದ್ದು ಜೋಡಿ ಚಿತ್ರ. ದೂರು ಬಂದ ಚಿತ್ರದ ಪಕ್ಕದಲ್ಲಿ ಅದೇ ಬಗೆಯ ಹೊಸಬರ ಚಿತ್ರವೊಂದನ್ನು ಇಡುತ್ತೇನೆ. ಬರೆದ ಕಾರಣ ಎರಡಕ್ಕೂ ಅನ್ವಯಿಸಬೇಕು, ಇಲ್ಲವೇ ವ್ಯತ್ಯಾಸವನ್ನು ಚಿತ್ರದೊಳಗೇ ತೋರಿಸಬೇಕು. ಹೆಸರಾಂತ ಕಲಾವಿದರ ಚಿತ್ರಕ್ಕೆ 'ಕಲಾತ್ಮಕ', ಹೊಸಬರದ್ದಕ್ಕೆ 'ಅಸಭ್ಯ' ಎಂದು ಬರೆಯುವ ಚಾಳಿ ಕೆಲವೇ ವಾರಗಳಲ್ಲಿ ನಿಂತುಹೋಯಿತು. ಜೋಡಿ ಆರಿಸುವ ಬಗೆಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆಯೇ ಅದಕ್ಕೆ ತಕ್ಕ ಚಿತ್ರಗಳು ಬರುತ್ತವೆ.

ಮೊದಲು ಹತ್ತು ಮೇಲ್ಮನವಿಗಳಲ್ಲಿ ನಾಲ್ಕೈದು ತೀರ್ಪುಗಳು ತಿರುವುಮುರುವಾಗುತ್ತಿದ್ದವು, ಈಗ ಒಂದಾದರೆ ಹೆಚ್ಚು. ಬೆಲೆಯನ್ನೂ ತೆತ್ತೆವು. ಬಹಳ ಜನಪ್ರಿಯರೊಬ್ಬರ ಚಿತ್ರ ಇಳಿದಾಗ ಅವರು ಹೊರಟರು, ಹಿಂದೆಯೇ ಅಭಿಮಾನಿಗಳೂ ಹೊರಟರು. ಚಂದಾ ಐದನೇ ಒಂದು ಪಾಲು ಕುಸಿಯಿತು. ತಂಡದಲ್ಲೇ ಕೆಲವರು ರಾಜಿ ಮಾಡಿಕೊಳ್ಳಿ ಎಂದರು. ನಾನು ಒಪ್ಪಲಿಲ್ಲ. ವರ್ಷ ತುಂಬುವುದರೊಳಗೆ ಹೊಸಬರ ಚಂದಾದಿಂದಲೇ ಅದು ತುಂಬಿತು, ಸ್ವಲ್ಪ ಮೇಲೂ ಹೋಯಿತು.

ನಡುವೆ ಎಐ ಚಿತ್ರಗಳನ್ನು ಹಿಡಿಯುವುದರ ಹಿಂದೆಯೂ ಬಿದ್ದೆ. ಚಿತ್ರದ ಪದರಗಳು ಬೇರೆ ಬೇರೆಯಾಗಿ ಉಳಿದಿರುವ ಲೇಯರ್ ಫೈಲ್ ಕೇಳಿ ನೋಡಿದೆ. ಒಂದೇ ಲೇಯರಿನಲ್ಲಿ ಬರೆಯುವವರು, ಕಾಗದದ ಮೇಲೆ ಬರೆಯುವವರು ಸಿಕ್ಕಿಹಾಕಿಕೊಂಡರು. ಪತ್ತೆ ಸಾಧನಗಳು ಒಂದೇ ಚಿತ್ರವನ್ನು ಸ್ವಲ್ಪ ಕತ್ತರಿಸಿ ಕೊಟ್ಟರೆ ಬೇರೆ ಉತ್ತರ ಹೇಳುತ್ತಿದ್ದವು. ಈಗ ಕಮಿಷನ್ ತೆಗೆದುಕೊಳ್ಳುವವರನ್ನು, ಅಂದರೆ ಹಣ ಪಡೆದು ಬೇರೆಯವರಿಗಾಗಿ ಚಿತ್ರ ಬರೆದುಕೊಡುವವರನ್ನು ಮಾತ್ರ ಕೆಲಸದ ನಡುವಿನ ಎರಡು ಮೂರು ಹಂತಗಳನ್ನು ತೋರಿಸಿ ಎಂದು ಕೇಳುತ್ತೇವೆ.

ನಕಲು ಹಿಡಿಯಲು ಇಮೇಜ್ ಹ್ಯಾಶ್, ಅಂದರೆ ಚಿತ್ರದಿಂದ ಲೆಕ್ಕಹಾಕಿದ ಬೆರಳಚ್ಚಿನಂಥ ಗುರುತು, ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಚಿತ್ರವನ್ನು ಎಡಬಲ ತಿರುಗಿಸಿದರೆ ಮೋಸ ಹೋಗುತ್ತದೆ. ಕನ್ನಡಿ ಪ್ರತಿಯ ಹ್ಯಾಶನ್ನೂ ಸೇರಿಸಿಕೊಳ್ಳಿ. ಟ್ರೇಸಿಂಗ್, ಅಂದರೆ ಇನ್ನೊಬ್ಬರ ಗೆರೆಯ ಮೇಲೆಯೇ ಗೆರೆ ಎಳೆದ ಚಿತ್ರ, ಮಾತ್ರ ಅದಕ್ಕೆ ಸಿಗುವುದಿಲ್ಲ. ಆ ದೂರುಗಳನ್ನು ಈಗಲೂ ಚಿತ್ರದ ಮೇಲೆ ಚಿತ್ರವಿಟ್ಟು, ಮೇಲಿನದರ ಪಾರದರ್ಶಕತೆ ಹೆಚ್ಚಿಸಿಯೇ ನೋಡುತ್ತೇವೆ. ಒಂದೊಂದಕ್ಕೆ ಅರ್ಧ ಗಂಟೆಯಾದರೂ ಹಿಡಿಯುತ್ತದೆ, ಸರದಿ ಬೆಳೆಯುತ್ತಲೇ ಇದೆ.