ಓದಲು ಬಾರದ ಕಾಗದಕ್ಕೆ ಸಹಿ ಹಾಕಬೇಡಿ: ಕಾಸರಗೋಡಿಗೆ ಹೊಸದಾಗಿ ಬಂದವರಿಗೆ, ದೋಣಿ ಅಪಘಾತದ ಬಗ್ಗೆ

ಕಾಸರಗೋಡಿಗೆ ಹೊಸದಾಗಿ ಬಂದವರು ಬಾಡಿಗೆ ಮನೆ, ಗ್ಯಾಸು, ರೇಷನ್ ಕಾರ್ಡು ಅಂತ ಕೇಳುತ್ತಾರೆ. ರೇಷನ್ ಕಾರ್ಡಿನಂಥ ಸರ್ಕಾರಿ ಅರ್ಜಿಗೆ ಅಕ್ಷಯ ಕೇಂದ್ರಕ್ಕೆ, ಅಂದರೆ ಕೇರಳ ಸರ್ಕಾರದ ಆನ್‌ಲೈನ್ ಸೇವಾ ಕೇಂದ್ರಕ್ಕೆ ಹೋಗಿ, ಆಗುತ್ತದೆ. ನಾನು ಹೇಳಬೇಕೆಂದಿರುವುದು ಯಾರೂ ಕೇಳದ ವಿಷಯ. ಈ ಜಿಲ್ಲೆಯಲ್ಲಿ 12 ಹೊಳೆಗಳಿವೆ. ತೆಂಕಕ್ಕೆ ಹೋದರೆ ವಲಿಯಪರಂಬದ ಹಿನ್ನೀರು. ಊರಿಂದ ನೆಂಟರು ಬಂದರೆ ಬೇಕಲ ಕೋಟೆ ನೋಡಿ, ಮಾರನೇ ದಿನ ಬೋಟು ಹತ್ತಬೇಕು ಅನ್ನುತ್ತಾರೆ. ಆ ಬೋಟಿನಲ್ಲಿ ಪೆಟ್ಟಾದರೆ ಏನು ಮಾಡಬೇಕು ಅಂತ ನಮಗೆ ಯಾರೂ ಹೇಳಿರಲಿಲ್ಲ.

ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವಳು. ಶರಾವತಿ ಹಿನ್ನೀರಿನಲ್ಲಿ ಸಿಗಂದೂರು ಲಾಂಚ್ ಹತ್ತಿ ಇಳಿದು ಬೆಳೆದವಳು. ನೀರೆಂದರೆ ನನಗೆ ಹೆದರಿಕೆಯೇ ಇರಲಿಲ್ಲ. 2021ರ ಡಿಸೆಂಬರಿನಲ್ಲಿ ನಾದಿನಿಯ ಮನೆಯವರು ಬಂದಿದ್ದರು. ಹಿನ್ನೀರಿನಲ್ಲಿ ಸುತ್ತಾಡಿ ಬೋಟು ದಡಕ್ಕೆ ಬಂತು. ಹಗ್ಗ ಕಟ್ಟುವ ಮೊದಲೇ ಬೋಟಿನವರು ಇಳೀರಿ ಅಂದರು, ಇಳಿದೆ. ಬೋಟು ಒಮ್ಮೆ ಹಿಂದೆ ಸರಿದು ಮತ್ತೆ ಬಂದು ಕಟ್ಟೆಗೆ ಬಡಿಯಿತು. ನಡುವೆ ನನ್ನ ಬಲಗಾಲು ಸಿಕ್ಕಿಕೊಂಡಿತು. ಹರಡಿನ ಮೂಳೆ ಎರಡು ಕಡೆ ಮುರಿಯಿತು.

ಮೊದಲ ತಪ್ಪು ಅವತ್ತು ರಾತ್ರಿಯೇ ಆಯಿತು. ಇಲ್ಲಿ ಎಲ್ಲರೂ ಮಾಡುವಂತೆ ನಾವೂ ಸೀದಾ ಮಂಗಳೂರಿಗೆ ಹೋದೆವು. ಎಮರ್ಜೆನ್ಸಿಯಲ್ಲಿ ಡಾಕ್ಟರು ಹೇಗಾಯ್ತು ಅಂತ ಕೇಳಿದರು. ನೋವಿನಲ್ಲಿ 'ಜಾರಿ ಬಿದ್ದೆ' ಅಂದುಬಿಟ್ಟೆ. ಅವರು ಅದನ್ನೇ ಬರೆದರು. ಬೋಟು ಅನ್ನುವ ಮಾತು ನನ್ನ ಕೇಸ್ ಶೀಟಿನಲ್ಲಿ ಎಲ್ಲೂ ಇಲ್ಲ. ನೀವು ಹಾಗೆ ಮಾಡಬೇಡಿ. ಯಾವ ದಿನ, ಯಾವ ಜಾಗ, ಬೋಟಿನಿಂದ ಆದ ಪೆಟ್ಟು ಅಂತ ಬಾಯಿಬಿಟ್ಟು ಹೇಳಿ. ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪೆಟ್ಟು ಅಂತ ಆಸ್ಪತ್ರೆಯವರು ಮಾಡುವ ದಾಖಲೆ) ಮಾಡಿ ಅಂತ ನೀವೇ ಕೇಳಿ. ಘಟನೆ ನಡೆದದ್ದು ಕೇರಳದಲ್ಲಿ, ನಾವೇನೂ ಮಾಡಕ್ಕಾಗಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಕಾನೂನಿನ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಅವರೇ ಅದನ್ನು ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಬಾಯಲ್ಲಿ ಹೇಳಿದ ದೂರನ್ನು ಬರೆದುಕೊಂಡು ನಿಮಗೆ ಓದಿ ಹೇಳಬೇಕು. ಎಫ್‌ಐಆರ್ ಪ್ರತಿಗೆ ದುಡ್ಡು ಕೊಡಬೇಕಾಗಿಲ್ಲ.

ಎರಡನೇ ತಪ್ಪಿನ ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ. ಆಪರೇಷನ್ ಆದ ಮೂರನೇ ದಿನ ಬೋಟಿನ ಕಡೆಯ ಒಬ್ಬರು ವಾರ್ಡಿಗೆ ಬಂದರು. ಕಿತ್ತಳೆ ಹಣ್ಣು ತಂದಿದ್ದರು. ಖರ್ಚಿಗಿರಲಿ ಅಂತ 5,000 ರೂಪಾಯಿಯ ಕವರು ಕೊಟ್ಟರು. 'ಚೇಚಿ', ಅಂದರೆ ಅಕ್ಕ, ಅಂತ ಮರ್ಯಾದೆಯಿಂದ ಮಾತಾಡಿದರು. ಆಮೇಲೆ ಮಲಯಾಳದಲ್ಲಿ ಬರೆದ ಒಂದು ಕಾಗದ ಮುಂದಿಟ್ಟರು. ದುಡ್ಡು ಸಿಕ್ಕಿದ್ದಕ್ಕೆ ರಸೀದಿ ಅಂದರು. ನೋಡಲು ಬಂದವರ ಮುಖಕ್ಕೆ ಹೊಡೆದ ಹಾಗೆ ಹೇಗೆ ಬೇಡ ಅನ್ನುವುದು? ನಮ್ಮ ಕಡೆ ಅದು ಅಭ್ಯಾಸವಿಲ್ಲ. ಸಹಿ ಹಾಕಿದೆ.

ಸಂಜೆ ಮಗಳು ಬಂದಳು. ಆಗ ಒಂಬತ್ತನೇ ಕ್ಲಾಸು. ನಮ್ಮನೆಯವರ ಫೋನಿನಲ್ಲಿದ್ದ ಆ ಕಾಗದದ ಫೋಟೋವನ್ನು ಗಳಗಳ ಅಂತ ಓದಿದಳು. 'ಅಮ್ಮ, ಇದರಲ್ಲಿ ತಪ್ಪು ನಂದೇ, ನಂಗೆ ಪರಾತಿಯಿಲ್ಲ ಅಂತ ಬರೆದಿದೆ' ಅಂದಳು. ಪರಾತಿ ಅಂದರೆ ದೂರು. ಈ ಪದವನ್ನು ಬಂದ ಮೊದಲ ವಾರವೇ ಕಲಿತುಕೊಳ್ಳಿ. ನಾನು ಹನ್ನೊಂದು ವರ್ಷ ಇಲ್ಲಿದ್ದೂ ಕಲಿತಿರಲಿಲ್ಲ. ಅಂಗಡಿಯಲ್ಲಿ ಕನ್ನಡ ನಡೆಯುತ್ತದೆ, ಅಕ್ಕಪಕ್ಕದಲ್ಲಿ ತುಳು, ಕನ್ನಡ ಎರಡೂ ನಡೆಯುತ್ತವೆ, ಇಷ್ಟು ಸಾಕು ಅಂದುಕೊಂಡಿದ್ದೆ. ಬೀದಿಯಲ್ಲಿ ನಡೆಯುವ ಕನ್ನಡ ಕಾಗದದ ಮೇಲೆ ನಡೆಯುವುದಿಲ್ಲ ಅಂತ ಅವತ್ತು ಗೊತ್ತಾಯಿತು.

ಆದರೆ ಒಂದು ಹಕ್ಕಿದೆ. 1969ರ ಕೇರಳದ ಭಾಷಾ ಕಾನೂನಿನ ಪ್ರಕಾರ, ಕನ್ನಡ ಅಲ್ಪಸಂಖ್ಯಾತ ಪ್ರದೇಶ ಅಂತ ಗುರುತಿಸಿದ ಕಡೆಯ ಸರ್ಕಾರಿ ಕಚೇರಿಗಳಿಗೆ ನಾವು ಕನ್ನಡದಲ್ಲಿ ಬರೆಯಬಹುದು. ಉತ್ತರವೂ ಕನ್ನಡದಲ್ಲೇ ಬರಬೇಕು. 1956ರ ನವೆಂಬರ್ 1ರಿಂದ ಕೇರಳದೊಳಗೇ ಉಳಿದ ಇಲ್ಲಿನ ಕನ್ನಡಿಗರು ಉಳಿಸಿಕೊಂಡ ಹಕ್ಕು ಅದು. ಆಮೇಲೆ ಬಂದ ನಾವು ಬಳಸದೇ ಬಿಟ್ಟರೆ ಅವರಿಗೂ ಕಷ್ಟವಾಗುತ್ತದೆ.

ಮೂರನೆಯದು ವಕೀಲರ ವಿಷಯ. 'ಗೆದ್ದವನು ಸೋತ, ಸೋತವನು ಸತ್ತ' ಅಂತ ಕೇಳಿ ಬೆಳೆದವರು ನಾವು. ಕೋರ್ಟು ಅಂದರೆ ಹಿಂಜರಿಕೆ. ಕೊನೆಗೆ ಧೈರ್ಯ ಮಾಡಿ ಊರಿನ ಪರಿಚಯದ ಒಬ್ಬ ವಕೀಲರಿಗೆ ಫೈಲು ಕೊಟ್ಟೆವು. ಬಸ್ಸು, ಬೈಕು ಅಪಘಾತದ ಹಾಗೆ ಎಂಎಸಿಟಿಯಲ್ಲಿ (ಮೋಟಾರು ಅಪಘಾತ ಪರಿಹಾರದ ಟ್ರಿಬ್ಯುನಲ್) ಕ್ಲೇಮ್ ಹಾಕೋಣ ಅಂದರು. ಹನ್ನೊಂದು ತಿಂಗಳು ಹೋಯಿತು. ಆಮೇಲೆ ಗೊತ್ತಾಯಿತು, ಆ ಟ್ರಿಬ್ಯುನಲ್ ಇರುವುದು ರಸ್ತೆ ಮೇಲೆ ಓಡುವ ವಾಹನಕ್ಕೆ. ಬೋಟು ಅದರೊಳಗೆ ಬರುವುದೇ ಇಲ್ಲ.

ಅಷ್ಟರಲ್ಲಿ 2023ರ ಮೇ 7 ಬಂತು. ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಬೋಟು ಮಗುಚಿ 22 ಜನ ಸತ್ತರು. ಅವರಲ್ಲಿ ತುಂಬಾ ಮಕ್ಕಳು. ಹತ್ತಿಸಬೇಕಾದವರಿಗಿಂತ ಜಾಸ್ತಿ ಜನರನ್ನು ಹತ್ತಿಸಿದ್ದರು. ಅವತ್ತು ರಾತ್ರಿ ಟಿವಿ ಮುಂದೆ ಕೂತು ತುಂಬಾ ಅತ್ತೆ. 2002ರಲ್ಲಿ ಕುಮರಕಂನಲ್ಲಿ 29, 2009ರಲ್ಲಿ ತೇಕ್ಕಡಿಯಲ್ಲಿ 45 ಜನ ಹೋಗಿದ್ದರು ಅಂತ ಟಿವಿಯಲ್ಲಿ ಹೇಳುತ್ತಿದ್ದರು. ನನ್ನದು ಬರೀ ಕಾಲು. ಆದರೂ ಸುಮ್ಮನಿರುವ ನನ್ನಂಥವರು ಎಷ್ಟು ಜನ ಇರಬಹುದು ಅನ್ನಿಸಿತು. ಅದೇ ವಾರ ವಿದ್ಯಾನಗರದ ಕೋರ್ಟಿನಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದೆ.

ಇದನ್ನು ಗಮನವಿಟ್ಟು ಓದಿ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಇವರಿಗೆ ಆದಾಯ ಎಷ್ಟೇ ಇರಲಿ, ಸರ್ಕಾರದ ಕಡೆಯಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. 1987ರಲ್ಲಿ ಮಾಡಿದ ಕಾನೂನು ಇದು, 1995ರಿಂದ ಜಾರಿಯಲ್ಲಿದೆ. ಉಳಿದವರಿಗೆ ಆದಾಯದ ಮಿತಿಯಿದೆ. ಹೋಗುವ ಮೊದಲು 15100ಕ್ಕೆ ಫೋನ್ ಮಾಡಿ ಕೇಳಬಹುದು. ನನಗೆ ಸಿಕ್ಕ ವಕೀಲೆ ಕುಂಬಳೆ ಕಡೆಯವರು. ಕನ್ನಡದಲ್ಲೇ ಎಲ್ಲ ಕೇಳಿಸಿಕೊಂಡರು. ಅಷ್ಟು ದಿನ ಕಟ್ಟಿಕೊಂಡಿದ್ದ ಗಂಟಲು ಬಿಟ್ಟ ಹಾಗಾಯಿತು.

ದುಡ್ಡು ಕೊಟ್ಟು ಬೋಟು ಹತ್ತಿದ್ದೀರಿ ಅಂದರೆ ನೀವು ಗ್ರಾಹಕರು ಅಂತ ಅವರು ಬಿಡಿಸಿ ಹೇಳಿದರು. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. 2019ರ ಕಾನೂನು ಬಂದ ಮೇಲೆ, ಬೋಟು ಹತ್ತಿದ್ದು ಆಲಪ್ಪುಳದಲ್ಲೇ ಆಗಿರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಶುಲ್ಕಕ್ಕೆ ಲೆಕ್ಕ ಹಿಡಿಯುವುದು ನೀವು ಕೊಟ್ಟ ಟಿಕೆಟ್ ದುಡ್ಡನ್ನು, ಕೇಳುವ ಪರಿಹಾರವನ್ನಲ್ಲ. ಆ ದುಡ್ಡು 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ಆದರೆ ಎರಡು ವರ್ಷದೊಳಗೆ ಹಾಕಬೇಕು. ನನಗೆ ಏಳು ತಿಂಗಳು ಮಾತ್ರ ಉಳಿದಿತ್ತು. ಪೊಲೀಸ್ ಕೇಸು ಬೇರೆ. ಅಜಾಗರೂಕತೆಯಿಂದ ಬೋಟು ನಡೆಸುವುದು ಈಗಿನ ಭಾರತೀಯ ನ್ಯಾಯ ಸಂಹಿತೆಯ 282ನೇ ಸೆಕ್ಷನ್, ಹೆಚ್ಚು ಜನ ತುಂಬುವುದು ಅಥವಾ ಸರಿಯಿಲ್ಲದ ಬೋಟಿನಲ್ಲಿ ಬಾಡಿಗೆಗೆ ಕರೆದುಕೊಂಡು ಹೋಗುವುದು 284. ಅಂದಹಾಗೆ 2021ರ ಒಳನಾಡು ಹಡಗು ಕಾನೂನಿನ ಪ್ರಕಾರ ಇಂಥ ಯಂತ್ರದ ಬೋಟುಗಳಿಗೆ ವಿಮೆ ಇರಲೇಬೇಕು. ಆ ಪಾಲಿಸಿ ತೋರಿಸಿ ಅಂತ ಕೇಳಿ.

ಗ್ರಾಹಕ ಆಯೋಗದಲ್ಲಿ ಹಾಕಿದ ಕೇಸು ರಾಜಿಯಲ್ಲಿ ಮುಗಿಯಿತು. ಆಸ್ಪತ್ರೆ ಖರ್ಚಿನ ಅರ್ಧ ಬಂತು. 'ಜಾರಿ ಬಿದ್ದೆ' ಅನ್ನುವ ಮಾತು, ಆ ಪರಾತಿಯಿಲ್ಲದ ಕಾಗದ, ಎರಡನ್ನೂ ಎದುರಿನವರು ಮೊದಲ ದಿನವೇ ಮುಂದಿಟ್ಟಿದ್ದರು. ನಮ್ಮ ಹತ್ತಿರ ಇದ್ದದ್ದು ಯುಪಿಐಯಲ್ಲಿ ದುಡ್ಡು ಕಳಿಸಿದ ದಾಖಲೆ, ನಾದಿನಿಯ ಮಗ ತೆಗೆದ ಒಂದು ಫೋಟೋ. ಅದರಲ್ಲಿ ಬೋಟಿನ ನೋಂದಣಿ ನಂಬರು ಕಾಣುತ್ತಿತ್ತು. ಅದಿಲ್ಲದಿದ್ದರೆ ಅಷ್ಟೂ ಬರುತ್ತಿರಲಿಲ್ಲ. ಹತ್ತುವ ಮೊದಲು ನಂಬರಿನ ಫೋಟೋ ತೆಗೆದುಕೊಳ್ಳಿ. ಲೈಫ್ ಜಾಕೆಟ್ ಕೊಡದಿದ್ದರೆ ಹತ್ತಬೇಡಿ, ನೆಂಟರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.

ಮಗಳ ವಿಷಯಕ್ಕೆ ಬಂದರೆ ಮನಸ್ಸು ಭಾರವಾಗುತ್ತದೆ. ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ನಾವು ಅವಳನ್ನು ಅಲ್ಲಿಗೆ ಹಾಕಲಿಲ್ಲ. ಮಲಯಾಳ ಬಂದರೆ ಇಲ್ಲಿ ಬದುಕು ಸಲೀಸು ಅಂದುಕೊಂಡೆವು. ಅದು ಸುಳ್ಳಲ್ಲ, ಆ ಕಾಗದವನ್ನು ಓದಿ ಹೇಳಿದವಳು ಅವಳೇ. ಆದರೆ ಅವಳ ಅಜ್ಜಿ ಬರೆದ ಕಾಗದಗಳನ್ನು ಅವಳಿಗೆ ನಾನು ಓದಿ ಹೇಳಬೇಕಾಯಿತು. ಎರಡನ್ನೂ ಕಲಿಸಬಹುದಿತ್ತು. ನಿಮ್ಮ ಮಕ್ಕಳಿನ್ನೂ ಚಿಕ್ಕವರು, ಅಲ್ವಾ? ಕಲಿಸಿ.

ಪೊಲೀಸರಿಗೆ ಕೊಟ್ಟ ದೂರನ್ನು ನಾನು ಕನ್ನಡದಲ್ಲೇ ಬರೆದಿದ್ದೆ. ವಕೀಲೆ ಅದಕ್ಕೆ ಮಲಯಾಳದ ಪ್ರತಿ ಸೇರಿಸಿದರು. ಕಳೆದ ರಜೆಯಲ್ಲಿ ಮಗಳು ಫೈಲಿನಿಂದ ಅದನ್ನು ತೆಗೆದು ಓದಲು ಕೂತಳು. ಎರಡು ಪುಟಕ್ಕೆ ಅರ್ಧ ಗಂಟೆ ಹಿಡಿಯಿತು. ನಡುವೆ ತಲೆ ಎತ್ತಿ, 'ಅಮ್ಮ, ಹರಡು ಅಂದ್ರೆ ಹಬ್ಬೋದಲ್ವಾ? ಹರಡು ಮುರಿದಿದೆ ಅಂತ ಬರೆದಿದ್ದೀಯ' ಅಂತ ಕೇಳಿದಳು. ಅವಳ ಕೈ ಹಿಡಿದು ನನ್ನ ಕಾಲಿನ ಗಂಟಿನ ಮೇಲೆ, ಹೊಲಿಗೆ ಹಾಕಿದ ಕಡೆ ಇಟ್ಟೆ.