ನ್ಯೂಯಾರ್ಕ್‌ಗೆ ಟಿಕೆಟ್: ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡು ಕೂರಿ

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಡುವವರು ಶಿವಮೊಗ್ಗದ ಬೀದಿಬೀದಿಯಲ್ಲೂ ಸಿಗುತ್ತಾರೆ. ವೀಸಾಕ್ಕೆ ತಿಂಗಳುಗಟ್ಟಲೆ ತಯಾರಿ ಮಾಡುತ್ತಾರೆ. ಟಿಕೆಟ್ ಮಾತ್ರ ರಾತ್ರಿ ಊಟ ಮುಗಿಸಿ, ಫೋನಲ್ಲಿ, ಗಡಿಬಿಡಿಯಲ್ಲಿ. ಎಡವುವುದು ಅಲ್ಲೇ.

ಮೊದಲು ದಾರಿ. ಬೆಂಗಳೂರಿನಿಂದ ದುಬೈ, ದೋಹಾ ಅಥವಾ ಅಬುಧಾಬಿ ಮೇಲೆ ಹೋಗಬಹುದು. ವಯಸ್ಸಾದವರಿಗೆ ಒಂದೇ ಕಡೆ ವಿಮಾನ ಬದಲಿಸುವಂತಿರಲಿ, ನಡುವೆ ಮೂರು ಗಂಟೆಯಾದರೂ ಸಿಗಲಿ. ಅಬುಧಾಬಿಯಲ್ಲಾದರೆ ಅಮೆರಿಕದ ಇಮಿಗ್ರೇಷನ್ ತಪಾಸಣೆ ಅಲ್ಲೇ ಮುಗಿಯುತ್ತದೆ. ಅದಕ್ಕೆ ಇನ್ನೊಂದು ಗಂಟೆ ಜಾಸ್ತಿ ಇಟ್ಟುಕೊಳ್ಳಿ.

ದರ ಎಲ್ಲಿ ಬೇಕಾದರೂ ನೋಡಿ, ಕೊಳ್ಳುವುದು ಮಾತ್ರ ವಿಮಾನ ಕಂಪನಿಯ ಸ್ವಂತ ಸೈಟಿನಲ್ಲಿ. ಬೇರೆ ಆ್ಯಪಲ್ಲಿ ಸ್ವಲ್ಪ ದುಡ್ಡು ಉಳಿಯಬಹುದು. ವಿಮಾನ ರದ್ದಾದಾಗ ಕಂಪನಿಯವರು ‘ಆ್ಯಪ್‌ನವರನ್ನು ಕೇಳಿ’ ಅಂತಾರೆ, ಆ್ಯಪ್‌ನವರು ‘ಕಂಪನಿಯವರನ್ನು ಕೇಳಿ’ ಅಂತಾರೆ. ಎರಡು ಬೇರೆ ಬೇರೆ ಟಿಕೆಟ್ ಜೋಡಿಸಿ ಅಗ್ಗ ಮಾಡಿಕೊಳ್ಳುವುದೂ ಬೇಡ. ಮೊದಲನೆಯದು ತಡವಾದರೆ ಎರಡನೆಯದು ಕೈಬಿಟ್ಟಂತೆಯೇ. ಅದೇ ದಿನ ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ಹಾರುತ್ತೇವೆ ಅನ್ನುವುದೂ ಇದೇ ಲೆಕ್ಕ, ಅದರಲ್ಲೂ ಮಳೆಗಾಲದಲ್ಲಿ.

ಇನ್ನು ಹೆಸರು. ಇಲ್ಲಿ ನಿಧಾನ ಮಾಡಿ. ನಮ್ಮ ಕಡೆ ಅಡ್ಡಹೆಸರು ಇಲ್ಲದವರೇ ಜಾಸ್ತಿ. ಊರಿನದೊಂದು, ಅಪ್ಪನದೊಂದು ಇನಿಷಿಯಲ್ ಅಷ್ಟೆ. ಆಧಾರಲ್ಲಿ ಕೆ. ಎಸ್. ಶಾರದಮ್ಮ, ಬ್ಯಾಂಕಲ್ಲಿ ಶಾರದಾ ಕೆ. ಎಸ್., ಪಾಸ್‌ಪೋರ್ಟಲ್ಲಿ ಇನಿಷಿಯಲ್ ಬಿಡಿಸಿ ಬರೆದ ಉದ್ದನೆಯ ಹೆಸರು. ಟಿಕೆಟ್‌ಗೆ ಬೇಕಾದ್ದು ಪಾಸ್‌ಪೋರ್ಟಿನದು ಮಾತ್ರ. ಅದರ ‘ಸರ್‌ನೇಮ್’ ಸಾಲಿನಲ್ಲಿರುವುದು ‘ಲಾಸ್ಟ್ ನೇಮ್’ ಜಾಗಕ್ಕೆ, ‘ಗಿವನ್ ನೇಮ್’ ಸಾಲಿನಲ್ಲಿರುವುದು ‘ಫಸ್ಟ್ ನೇಮ್’ ಜಾಗಕ್ಕೆ. ಫೋನು ತಾನೇ ತುಂಬುವ ಹೆಸರನ್ನು ಅಳಿಸಿಬಿಡಿ. ಅಮ್ಮನ ಟಿಕೆಟ್‌ಗೆ ಮಗನ ಹೆಸರು ಬಂದು ಕೂರುವುದು ಹಾಗೇ.

ಸರ್‌ನೇಮ್ ಸಾಲು ಖಾಲಿ ಇದೆಯಾ? ಒಂದು ಚುಕ್ಕಿ ಹಾಕಿ ಮುಂದೆ ಹೋಗಬೇಡಿ. ಕೆಲವು ಕಂಪನಿಗಳು ಎರಡೂ ಕಡೆ ಅದೇ ಹೆಸರು ಕೇಳುತ್ತವೆ. ಕೆಲವು, ಇರುವ ಹೆಸರನ್ನು ಲಾಸ್ಟ್ ನೇಮ್ ಜಾಗಕ್ಕೆ ಹಾಕಿಸಿ, ಫಸ್ಟ್ ನೇಮ್ ಜಾಗದಲ್ಲಿ ಎಫ್‌ಎನ್‌ಯು (‘ಫಸ್ಟ್ ನೇಮ್ ಅನ್‌ನೋನ್’, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಎಂಬ ಮೂರಕ್ಷರ ಹಾಕಿಸುತ್ತವೆ. ಇಂಥವರ ಅಮೆರಿಕ ವೀಸಾದಲ್ಲೂ ಅದೇ ಮೂರಕ್ಷರ ಇರುತ್ತದೆ, ಗಾಬರಿ ಬೇಡ. ಕಂಪನಿಗೆ ಫೋನ್ ಮಾಡಿ ಕೇಳಿಯೇ ತುಂಬಿ. ದುಡ್ಡು ಕಟ್ಟುವ ಮುಂಚೆ ಒಬ್ಬರು ಪಾಸ್‌ಪೋರ್ಟ್ ಹಿಡಿದು ಅಕ್ಷರ ಅಕ್ಷರ ಓದಲಿ, ಇನ್ನೊಬ್ಬರು ಫೋನ್ ನೋಡಲಿ. ಆಮೇಲೂ ತಪ್ಪು ಕಂಡರೆ ಆ ದಿನವೇ ತಿಳಿಸಿ.

ದುಡ್ಡು ಕಟ್ಟುವುದು ಸುಲಭ. ವೀಲ್‌ಚೇರ್ ಆಗಲೇ ಕೇಳಿಕೊಳ್ಳಿ, ಪುಕ್ಕಟೆ. ಕಿಟಕಿ ಸೀಟಿನ ಆಸೆ ಬಿಡಿ. ಓಡಾಡುವ ದಾರಿ ಪಕ್ಕದ್ದೇ ವಾಸಿ.

ಊಟದ ಪಟ್ಟಿಯಲ್ಲಿ ‘ಹಿಂದೂ ಮೀಲ್’ ಕಂಡ ಕೂಡಲೇ ಸಸ್ಯಾಹಾರಿಗಳು ಒತ್ತಿಬಿಡುತ್ತಾರೆ. ದನದ ಮಾಂಸ ಇರುವುದಿಲ್ಲ ಅಷ್ಟೆ, ಕೋಳಿಯೋ ಕುರಿಯೋ ಬರಬಹುದು. ‘ಏಷ್ಯನ್ ವೆಜಿಟೇರಿಯನ್’ ಆರಿಸಿ. ಈರುಳ್ಳಿ, ಬೆಳ್ಳುಳ್ಳಿ ಬೇಡವೆಂದರೆ ‘ಜೈನ್ ಮೀಲ್’.

ಕಾರಲ್ಲಿ ಹೊರಟರೆ ಬೆಂಗಳೂರು ಪೇಟೆಯೊಳಗೆ ಹೋಗಲೇಬೇಡಿ. ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿದರೆ ದೊಡ್ಡಬಳ್ಳಾಪುರ, ಅಲ್ಲಿಂದ ದೇವನಹಳ್ಳಿ. ವಿದೇಶದ ವಿಮಾನಗಳು ಎರಡನೇ ಟರ್ಮಿನಲ್‌ನಿಂದ ಹೊರಡುತ್ತವೆ, ಡ್ರೈವರ್‌ಗೆ ಮೊದಲೇ ಹೇಳಿಬಿಡಿ.