ಬೇಸಿಗೆಯಲ್ಲಿ ವೈನ್ ತರಿಸುವವರಿಗೆ ಕೆಲವು ಮಾತು

ನಾನು ಹುಟ್ಟಿ ಬೆಳೆದದ್ದು ರಾಯಚೂರು, ಈಗ ಇರುವುದು ಅರಿಜೋನಾದ ಫೀನಿಕ್ಸ್. ಎರಡೂ ಬಿಸಿಲೂರುಗಳೇ. 2023ರಲ್ಲಿ ಜೂನ್ 30ರಿಂದ ಜುಲೈ 30ರವರೆಗೆ ಸತತ 31 ದಿನ ಇಲ್ಲಿನ ಗರಿಷ್ಠ ತಾಪಮಾನ 43 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಲೇ ಇಲ್ಲ. ಇಂಥ ಊರಿಗೆ ಕ್ಯಾಲಿಫೋರ್ನಿಯಾದ ವೈನ್ ಸೀಮೆಗಳಾದ ನಾಪಾದಿಂದಲೋ ಸೊನೋಮಾದಿಂದಲೋ ವೈನ್ ತರಿಸುವುದೆಂದರೆ 1,200 ಕಿಲೋಮೀಟರ್ ದಾರಿ, ಅದರಲ್ಲಿ ಬಹುಪಾಲು ಬಯಲು ಮತ್ತು ಮರುಭೂಮಿ. ಆದರೆ ಬಾಟಲಿ ಕೆಡುವುದು ಹೆಚ್ಚಾಗಿ ಓಡುವ ಲಾರಿಯಲ್ಲಲ್ಲ, ನಿಂತಲ್ಲಿ. ವಾರಾಂತ್ಯದ ಗೋದಾಮು, ಮಧ್ಯಾಹ್ನದ ಡೆಲಿವರಿ ವ್ಯಾನು, ಬಿಸಿಲಿಗೆ ಮುಖ ಮಾಡಿದ ಮನೆಯ ಮುಂಬಾಗಿಲು, ಈ ಮೂರು ಕಡೆ ಅದು ಎಷ್ಟು ಹೊತ್ತು ಕಾಯುತ್ತದೆ ಎಂಬುದನ್ನು ನೋಡಿಕೊಂಡರೆ ಮುಕ್ಕಾಲು ಕೆಲಸ ಮುಗಿದಂತೆ.

ಬಿಸಿ ಏನು ಮಾಡುತ್ತದೆ ಎಂಬುದನ್ನು ಮೊದಲು ತಿಳಿದಿರಬೇಕು. 750 ಮಿಲಿಲೀಟರ್ ಬಾಟಲಿಯ ಕತ್ತಿನಲ್ಲಿ, ವೈನಿಗೂ ಬಿರಡೆಗೂ ನಡುವೆ ಬಿಟ್ಟಿರುವ ಜಾಗ ಸುಮಾರು ಒಂದು ಟೀ ಚಮಚದಷ್ಟು. 20 ಡಿಗ್ರಿಯಲ್ಲಿದ್ದ ವೈನ್ 40 ಡಿಗ್ರಿಗೆ ಏರಿದರೆ ಹಿಗ್ಗುವುದೂ ಹೆಚ್ಚುಕಡಿಮೆ ಅಷ್ಟೇ. ಇದ್ದ ಗಾಳಿಗೆ ಜಾಗವಿಲ್ಲದಂತಾಗಿ ಬಿರಡೆ ಮೇಲಕ್ಕೆ ಸರಿಯುತ್ತದೆ, ಪಕ್ಕದಿಂದ ವೈನ್ ಜಿನುಗುತ್ತದೆ. ಮತ್ತೆ ತಣ್ಣಗಾದಾಗ ಒಳಗಿನ ವೈನ್ ಕುಗ್ಗಿ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಬಿರಡೆ ಅಲುಗಾಡದಿದ್ದರೂ ರುಚಿ ಉಳಿಯುತ್ತದೆ ಎನ್ನುವಂತಿಲ್ಲ. ತಾಪ ಏರಿದಷ್ಟೂ ವೈನ್ ಬೇಗ ಮುದಿಯಾಗುತ್ತದೆ, ತಾಜಾ ಹಣ್ಣಿನ ಪರಿಮಳ ಹೋಗಿ ಬೇಯಿಸಿದ ಹಣ್ಣಿನ ವಾಸನೆ ಬರುತ್ತದೆ. ತಿರುಗಿಸುವ ಮುಚ್ಚಳದ ಬಾಟಲಿಗಳಲ್ಲಿ ಜಿನುಗಿದ ಗುರುತು ಸಾಮಾನ್ಯವಾಗಿ ಕಾಣುವುದೇ ಇಲ್ಲ. ಆದ್ದರಿಂದ ಅವುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು.

ಮೇ ಮಧ್ಯದಿಂದ ಅಕ್ಟೋಬರ್ ಮೊದಲ ವಾರಗಳವರೆಗೆ ನಾನು ಏನನ್ನೂ ತರಿಸುವುದಿಲ್ಲ. ರಿಯಾಯಿತಿ ಬಂತೆಂದು ಜುಲೈಯಲ್ಲಿ ಕೊಳ್ಳುವುದುಂಟು, ಆದರೆ ವೈನ್ ತಯಾರಿಸುವ ವೈನರಿಗೆ ಅಂದೇ ಬರೆಯುತ್ತೇನೆ: ‘ಹಣ ಈಗ ಪಡೆಯಿರಿ, ಪೆಟ್ಟಿಗೆಯನ್ನು ನಿಮ್ಮ ನೆಲಮಾಳಿಗೆಯಲ್ಲೇ ಇಡಿ, ನಾನು ಹೇಳಿದ ಮೇಲೆ ಕಳುಹಿಸಿ.’ ಬಹಳಷ್ಟು ವೈನರಿಗಳು ಇದಕ್ಕೆ ಒಪ್ಪುತ್ತವೆ. ಅವುಗಳ ವೈನ್ ಕ್ಲಬ್ಬಿನ ಸದಸ್ಯರಿಗೆ ವರ್ಷಕ್ಕೆ ಎರಡು ಸಲ, ವಸಂತದಲ್ಲಿ ಮತ್ತು ಶರತ್ಕಾಲದಲ್ಲಿ ಮಾತ್ರ ಕಳುಹಿಸುವ ಪದ್ಧತಿ ಬಂದಿರುವುದಕ್ಕೆ ಹವೆಯೂ ಒಂದು ಕಾರಣ. ಕಳುಹಿಸುವ ವಾರ ನಿಮ್ಮೂರಿನ ಹವೆಯನ್ನಷ್ಟೇ ನೋಡಬೇಡಿ, ನಡುದಾರಿಯ ಊರಿನದನ್ನೂ ನೋಡಿ. ನಮ್ಮ ಕಡೆಗೆ ಬರುವ ಪೆಟ್ಟಿಗೆಗಾಗಿ ನಾನು ನೋಡುವುದು ಕ್ಯಾಲಿಫೋರ್ನಿಯಾದ ಗಡಿಯಲ್ಲಿರುವ ಬ್ಲೈತ್ ಎಂಬ ಊರಿನ ತಾಪಮಾನ. ಅಲ್ಲಿ 32 ಡಿಗ್ರಿಗಿಂತ ಕೆಳಗಿದ್ದರೆ ನನಗೆ ಧೈರ್ಯ.

ಇನ್ನು ದಿನ. ಸೋಮವಾರ ಹೊರಡಲಿ, ತಪ್ಪಿದರೆ ಮಂಗಳವಾರ. ಗುರುವಾರ ಹೊರಟ ಪೆಟ್ಟಿಗೆ ಶನಿವಾರ, ಭಾನುವಾರಗಳನ್ನು ತಗಡಿನ ಮಾಡಿನ ಗೋದಾಮಿನಲ್ಲಿ ಕಳೆಯುವ ಸಂಭವವೇ ಹೆಚ್ಚು.

ವಿಳಾಸದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. ಅಮೆರಿಕದಲ್ಲಿ ಮದ್ಯದ ಪಾರ್ಸೆಲ್ ಪಡೆಯಲು 21 ವರ್ಷ ತುಂಬಿದವರು ಎದುರಿಗಿದ್ದು ಸಹಿ ಹಾಕಬೇಕು. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಪೆಟ್ಟಿಗೆ ಮತ್ತೆ ವ್ಯಾನು ಹತ್ತುತ್ತದೆ, ಮರುದಿನ ಮತ್ತೆ ಬರುತ್ತದೆ. ಸಾಮಾನ್ಯವಾಗಿ ಮೂರು ಸಲ ಪ್ರಯತ್ನಿಸಿ ಆಮೇಲೆ ಹಿಂದಕ್ಕೆ ಕಳುಹಿಸುತ್ತಾರೆ. ವ್ಯಾನಿನಲ್ಲಿ ಸಾಮಾನು ತುಂಬುವ ಭಾಗಕ್ಕೆ ಹವಾನಿಯಂತ್ರಣ ಇರುವುದಿಲ್ಲ. ಮೂರು ದಿನ ಆ ತಗಡಿನ ಡಬ್ಬಿಯಲ್ಲಿ ಊರು ಸುತ್ತಿದ ವೈನನ್ನು ಯಾವ ಪ್ಯಾಕಿಂಗೂ ಉಳಿಸಲಾರದು. ಹಾಗಾಗಿ ಮನೆಯ ವಿಳಾಸ ಬೇಡ. ಹಗಲು ಹೊತ್ತು ಜನರಿರುವ, ತಂಪಾಗಿರುವ ಕಚೇರಿಯ ವಿಳಾಸ ಕೊಡಿ. ಕಚೇರಿಯಲ್ಲಿ ಮದ್ಯದ ಪಾರ್ಸೆಲ್ ಸ್ವೀಕರಿಸಲು ಅನುಮತಿ ಇದೆಯೇ ಎಂದು ಮೊದಲು ಕೇಳಿಕೊಳ್ಳಿ. ಅದಕ್ಕಿಂತ ಒಳ್ಳೆಯದು, ಕೊರಿಯರ್ ಸಂಸ್ಥೆಯ ಕೌಂಟರಿನಲ್ಲೇ ಇಡಿಸಿಕೊಂಡು ಹೋಗಿ ತರುವುದು. ಆಗ ಬಾಟಲಿಗೆ ವ್ಯಾನಿನ ಊರು ಸುತ್ತಾಟ ತಪ್ಪುತ್ತದೆ. ನಾನು ಬೆಳಿಗ್ಗೆ ಕೌಂಟರ್ ತೆರೆದ ಕೂಡಲೇ ಹೋಗುತ್ತೇನೆ. ಇಂಡಿಯನ್ ಅಂಗಡಿಯಿಂದ ಫ್ರೋಜನ್ ತೆಂಗಿನ ತುರಿ ತರುವ ದಪ್ಪ ಚೀಲವನ್ನೇ ಒಯ್ದು, ಬಾಟಲಿಗಳನ್ನು ಅದರಲ್ಲಿಟ್ಟು, ಕಾರಿನ ಹಿಂದಿನ ಸೀಟಿನ ಕೆಳಗೆ ಇಡುತ್ತೇನೆ. ಡಿಕ್ಕಿಯಲ್ಲಿ ಇಡುವುದಿಲ್ಲ, ದಾರಿಯಲ್ಲಿ ಬೇರೆ ಕೆಲಸಕ್ಕೂ ನಿಲ್ಲುವುದಿಲ್ಲ.

ಪ್ಯಾಕಿಂಗ್‌ನಲ್ಲಿ ಎರಡು ಬಗೆ. ಕಾಗದದ ತಿರುಳಿನಿಂದ ಅಚ್ಚು ಹಾಕಿದ ಟ್ರೇ ಬಾಟಲಿಯನ್ನು ಒಡೆಯದಂತೆ ಕಾಯುತ್ತದೆ, ಬಿಸಿಯಿಂದ ಅಷ್ಟಾಗಿ ಕಾಯುವುದಿಲ್ಲ. ಥರ್ಮಾಕೋಲ್ ಪೆಟ್ಟಿಗೆ ಬಿಸಿಯನ್ನೂ ತಡೆಯುತ್ತದೆ, ಆದರೆ ಪರಿಸರಕ್ಕೆ ಹೊರೆ. ಯಾವುದೇ ಆಗಲಿ, ಬಿಸಿ ಒಳಗೆ ಬರುವುದನ್ನು ನಿಧಾನ ಮಾಡುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಜೆಲ್ ಪ್ಯಾಕ್ ಹಾಕಿಸಿದರೂ ಹೆಚ್ಚೆಂದರೆ ಒಂದೆರಡು ದಿನದ ಮಾತು. ಟೆಕ್ಸಾಸ್‌ನಂಥ ದೂರಕ್ಕೆ ವಿಮಾನದ ಎರಡು ದಿನದ ಸೇವೆಗೆ ಹೆಚ್ಚು ಹಣ ಕೊಟ್ಟರೆ ಅರ್ಥವಿದೆ. ಫೀನಿಕ್ಸ್‌ನಷ್ಟು ಹತ್ತಿರಕ್ಕೆ ಆ ಹಣವನ್ನು ಇನ್ನೊಂದು ಬಾಟಲಿಗೆ ಹಾಕುವುದೇ ಮೇಲು.

ಚಳಿಯ ಊರಿನವರಿಗೆ ಒಂದೆರಡು ಮಾತು. ಮೈನಸ್ 6 ಡಿಗ್ರಿಯ ಆಸುಪಾಸಿನಲ್ಲಿ ವೈನ್ ಹೆಪ್ಪುಗಟ್ಟತೊಡಗಿ ಬಿರಡೆಯನ್ನು ತಳ್ಳುತ್ತದೆ. ಜನವರಿಯಲ್ಲಿ ಮಿನೆಸೋಟಾಗೆ ತರಿಸುವವರೂ ತಡೆದು ಕಳುಹಿಸಲು ಹೇಳಬೇಕು. ಬಾಟಲಿಯ ತಳದಲ್ಲಿ ಸಕ್ಕರೆಯ ಹರಳಿನಂಥದ್ದು ಕಂಡರೆ ಗಾಬರಿ ಬೇಡ, ಅದು ಟಾರ್ಟರಿಕ್ ಆಮ್ಲದ ಲವಣ, ನಿರಪಾಯಕಾರಿ.

ಪೆಟ್ಟಿಗೆ ಕೈಗೆ ಬಂದ ಕೂಡಲೇ ತೆರೆಯಿರಿ. ಗಾಜನ್ನು ಅಂಗೈಯಲ್ಲಿ ಹಿಡಿದು ನೋಡಿ. ನಮ್ಮ ಮೈಯ ಬಿಸಿ ಸುಮಾರು 37 ಡಿಗ್ರಿ, ಚರ್ಮದ್ದು ಅದಕ್ಕಿಂತ ಸ್ವಲ್ಪ ಕಡಿಮೆ. ಗಾಜು ಅಂಗೈಗೆ ಬೆಚ್ಚಗೆ ಹತ್ತಿತೆಂದರೆ ವೈನ್ ಅಪಾಯದ ಗೆರೆ ದಾಟಿದೆ ಎಂದೇ ಲೆಕ್ಕ. ಆಮೇಲೆ ಬಿರಡೆಯ ಮೇಲಿನ ಹೊದಿಕೆಯನ್ನು ಬೆರಳಿನಿಂದ ಸವರಿ. ನಡುವೆ ಉಬ್ಬಿದೆಯೇ, ಅಂಚಿನಲ್ಲಿ ಅಂಟಂಟು ಇದೆಯೇ, ಲೇಬಲ್ಲಿನ ಮೇಲೆ ಇಳಿದ ಕಲೆ ಇದೆಯೇ? ಇದ್ದರೆ ಬಾಟಲಿ, ಪೆಟ್ಟಿಗೆ, ದಿನಾಂಕವಿರುವ ಚೀಟಿ ಮೂರರದ್ದೂ ಫೋಟೋ ತೆಗೆದು ಅಂದೇ ವೈನರಿಗೆ ಕಳುಹಿಸಿ. ತಡಮಾಡಿದರೆ ನಿಮ್ಮ ಮನೆಯಲ್ಲೇ ಕೆಟ್ಟಿತೆಂಬ ಮಾತು ಬರುತ್ತದೆ. ಗುರುತೇನೂ ಇಲ್ಲದಿದ್ದರೆ ಕತ್ತಲಿನ ತಂಪು ಜಾಗದಲ್ಲಿ ಒಂದೆರಡು ವಾರ ಮಲಗಿಸಿಡಿ. ಬೆಚ್ಚಗಿರುವ ಬಾಟಲಿಯನ್ನು ನೇರವಾಗಿ ಫ್ರೀಜರಿಗೆ ಹಾಕಬೇಡಿ.

ಬೇಸಿಗೆಯಲ್ಲೇ ತರಿಸಬೇಕೆಂಬ ಆಸೆಯುಳ್ಳವರಿಗೆ ನಾನು ಹೇಳುವುದು ಮಡೀರಾ, ಪೋರ್ಚುಗಲ್‌ಗೆ ಸೇರಿದ ಅದೇ ಹೆಸರಿನ ದ್ವೀಪದ ವೈನ್. ಉಷ್ಣವಲಯ ದಾಟಿ ಭಾರತದವರೆಗೂ ಹಡಗಿನಲ್ಲಿ ಸಾಗಿದ್ದ ವೈನ್ ಬಿಸಿಯಲ್ಲೇ ರುಚಿ ಪಡೆದದ್ದನ್ನು ಕಂಡು, ಆ ದ್ವೀಪದವರು ಅದನ್ನು ಬೇಕೆಂದೇ ಕಾಯಿಸಿ ಮಾಡತೊಡಗಿದರು. ಇಂದಿಗೂ ಒಂದು ಬಗೆಯ ಮಡೀರಾವನ್ನು ತಿಂಗಳುಗಟ್ಟಲೆ 45 ಡಿಗ್ರಿಯ ಆಸುಪಾಸಿನಲ್ಲಿ ಇಡುತ್ತಾರೆ. ಫೀನಿಕ್ಸ್‌ನ ವ್ಯಾನು ಅದಕ್ಕೆ ಹೊಸದೇನನ್ನೂ ಮಾಡಲಾರದು. ಕೆಡದಂತೆ ಕಾಯುವ ಸಲ್ಫೈಟ್ ಎಂಬ ಸಂರಕ್ಷಕವನ್ನು ಸೇರಿಸದ ವೈನುಗಳು ಇದಕ್ಕೆ ತದ್ವಿರುದ್ಧ, ಅವನ್ನು ಚಳಿಗಾಲಕ್ಕೇ ಬಿಡಿ.

ಭಾರತಕ್ಕೆ, ಊರಿಗೆ ಒಯ್ಯುವವರು ಸುಂಕವಿಲ್ಲದೆ ಎರಡು ಲೀಟರ್ ತರಬಹುದು, ಅಂದರೆ 750 ಮಿಲಿಲೀಟರಿನ ಎರಡು ಬಾಟಲಿ. ಸೂಟ್‌ಕೇಸಿನ ನಟ್ಟನಡುವೆ ಬಟ್ಟೆ ಸುತ್ತಿ ಇಡಿ. ಬೆಂಗಳೂರಿನಲ್ಲಿ ಇಳಿದ ಮೇಲೆ ರಾಯಚೂರಿನವರೆಗಿನ ಕಾರಿನಲ್ಲಿ, ಏಪ್ರಿಲ್ ಆಗಿದ್ದರಂತೂ, ಅವನ್ನು ಕಾಲ ಬುಡದಲ್ಲಿ ಎಸಿ ಗಾಳಿ ಬೀಳುವ ಕಡೆ ಇಟ್ಟುಕೊಳ್ಳಿ. ಊಟಕ್ಕೆಂದು ಎಲ್ಲಾದರೂ ನಿಂತರೆ ಚೀಲವನ್ನು ಜೊತೆಗೇ ಒಳಗೆ ಒಯ್ಯಿರಿ.